ಕೈ ಆಡ್ತಾ ಇಲ್ಲ

ಮನೆಯಿಂದ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ರೀ,

ಹೇಗಿದ್ದೀರಿ? ಸೊಂಟದ ನೋವು ಹೇಗಿದೆ? ಇಂಜಿನ್ ಕೋಣೆಯ ಸೆಖೆಯಿಂದ ಮೇಲೆ ಬಂದವರೇ ಒದ್ದೆ ಬನಿಯನ್ನಿನಲ್ಲಿ ಡೆಕ್ಕಿನ ಗಾಳಿಗೆ ನಿಲ್ಲಬೇಡಿ ಎಂದು ಎಷ್ಟು ಹೇಳಿದರೂ ನೀವು ಕೇಳುವ ಆಸಾಮಿಯಲ್ಲ. ಹೋದ ಸಲದ ಫೋಟೋದಲ್ಲಿ ಇಳಿದುಹೋಗಿದ್ದೀರಿ. ಹಡಗಿನ ಅಡುಗೆಯವನಿಗೆ ನನ್ನ ಪರವಾಗಿ ಎರಡು ಬೈಗುಳ ಕೊಡಿ. ನಾನು ಗಟ್ಟಿಮುಟ್ಟಾಗಿದ್ದೇನೆ. ಲಾಂಡ್ರಿ ಕೆಲಸಕ್ಕೆ ರಜೆ ಹಾಕಿದ್ದೇನೆ, ಯಾಕೆಂದು ಮುಂದೆ ಹೇಳುತ್ತೇನೆ. ನಮ್ಮ ಪಿಟೀಲಿಗೆ ಮುಂದಿನ ಹಲ್ಲು ಬಿದ್ದಿದೆ. ಹುಟ್ಟಿದಾಗ ಅವಳ ಅಳು ಕೇಳಿ ಆ ಹೆಸರಿಟ್ಟವರು ನೀವೇ. ಈಗ ಹಲ್ಲಿನ ಸಂದಿಯಿಂದ ಶಿಳ್ಳೆಯೂ ಸೇರಿಕೊಂಡಿದೆ.

ಇನ್ನು ಅತ್ತೆಯ ವಿಷಯ. ಅಮ್ಮನಿಗೆ ಹುಷಾರಿಲ್ಲ, ಆಸ್ಪತ್ರೆಗೆ ತೋರಿಸಿದ್ದೇವೆ ಎಂದಷ್ಟೇ ಫೋನಿನಲ್ಲಿ ಹೇಳಿದ್ದೆ. ಲೈನು ಕಟ್ಟಾಗುತ್ತಿತ್ತು, ಪಕ್ಕದಲ್ಲಿ ಅವರೂ ಇದ್ದರು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಕೂತು ಓದಿ.

ಮಗು ತಡವಾಗಿ ಮಾತಾಡುತ್ತಿದೆ, ಮನೆಯಲ್ಲೂ ಶಾಲೆಯ ಭಾಷೆಯನ್ನೇ ಆಡಿ ಎಂದು ಟೀಚರ್ ಹೇಳಿದ್ದರಲ್ಲ, ಅವತ್ತೇ ಊಟಕ್ಕೆ ಕೂತಾಗ ನೀವು ಕಾನೂನು ಮಾಡಿದಿರಿ. "ಅಮ್ಮಾ, ಇನ್ಮೇಲೆ ಅವಳ ಹತ್ರ ನಮ್ ಮಾತು ಬೇಡ. ತಲೆ ಕೆಡುತ್ತೆ ಅವಳಿಗೆ." ಅತ್ತೆ ನಕ್ಕು, "ಆಯ್ತಪ್ಪ, ಬಾಯಿಗೆ ಬೀಗ" ಎಂದರು. ನಿಜವಾಗಿಯೂ ಹಾಕಿಕೊಂಡರು. ಮೊಮ್ಮಗಳಿಗೆ ಅವರಿಂದ ಸಿಕ್ಕಿದ್ದು ನಾಲ್ಕಾರು ಮಾತು: ಬಾ, ತಿನ್ನು, ಮಲಗು, ಆಡು. ಎದುರು ಗೋಡೆಯ ಮೇಲೆ ಬಂದು ಕೂರುವ ಕಪ್ಪು ಬೆಕ್ಕನ್ನು ತೋರಿಸಿ "ಕರಿ, ಕರಿ" ಎನ್ನುವುದೊಂದು. ಉಳಿದದ್ದನ್ನೆಲ್ಲ ಪಾತ್ರೆ ತೊಳೆಯುತ್ತ ನಲ್ಲಿಗೆ ಹೇಳಿಕೊಳ್ಳುತ್ತಿದ್ದರು. "ಇದಕ್ಕೂ ಇಲ್ಲಿನ ಭಾಷೆನೇ ಬೇಕೇನೋ, ಎಷ್ಟ್ ಹೇಳಿದ್ರೂ ಸುಮ್ನೆ ಸುರೀತಾ ಇರುತ್ತೆ" ಎಂದು ಒಮ್ಮೆ ನನ್ನನ್ನು ನಗಿಸಿದ್ದರು. ಈಚೆಗೆ ಅದೂ ನಿಂತಿತ್ತು. ನಾನು ಕೆಲಸದಿಂದ ಬರುವಾಗ ಇಬ್ಬರೂ ಒಳಗೇ ಇರುತ್ತಿದ್ದರು, ಮನೆ ಮಾತ್ರ ಬಿಕೋ ಎನ್ನುತ್ತಿತ್ತು.

ಹೋದ ತಿಂಗಳ ಕೊನೆಯಲ್ಲಿ ಒಂದು ದಿನ ಶಾಲೆಗೆ ರಜೆ. ಅತ್ತೆ ಅಡುಗೆಮನೆಯ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರಂತೆ. ಮಗು ಪಕ್ಕದಲ್ಲೇ ಮರದ ತುಂಡುಗಳಿಂದ ಮನೆ ಕಟ್ಟುತ್ತಿತ್ತು. ಇದ್ದಕ್ಕಿದ್ದಂತೆ ಅತ್ತೆಯ ಬಲಗೈ ಸೋತು ಮಡಿಲಿಗೆ ಬಿತ್ತು. "ಮರೀ, ಕೈ ಆಡ್ತಾ ಇಲ್ಲ. ಕಾಲೂ ಆಡ್ತಾ ಇಲ್ಲ ಕಣೇ" ಎಂದರಂತೆ. ಅವಳಿಗೆ ಗೊತ್ತಿರುವ ಆಡುವುದು ಒಂದೇ, ಆಟ ಆಡುವುದು. ಅಜ್ಜಿಗೆ ಆಟ ಬೇಡವಂತೆ ಎಂದುಕೊಂಡಳು. ತುಂಡುಗಳನ್ನೆಲ್ಲ ಬಾಚಿಕೊಂಡು ಕೋಣೆಗೆ ಹೋದಳು, ಗದ್ದಲವಾಗದಿರಲಿ ಎಂದು ಬಾಗಿಲೂ ಹಾಕಿಕೊಂಡಳು. ಒಳ್ಳೆಯ ಮಗು. ಸ್ವಲ್ಪ ಹೊತ್ತಿಗೆ ಅತ್ತೆ ಕೂಗಿದರು, "ಯಾರನ್ನಾದ್ರೂ ಕರಿಯೇ, ಕರಿ!" ಇವಳು ಓಡಿಬಂದು, ತನ್ನ ಬಣ್ಣದ ಡಬ್ಬಿಯಿಂದ ಕಪ್ಪು ಕಡ್ಡಿ ತೆಗೆದು ಅಜ್ಜಿಯ ಬಲಗೈಯಲ್ಲಿಟ್ಟಳು. ಅದು ಉರುಳಿತು. ಮತ್ತೆ ಇಟ್ಟಳು. ಮತ್ತೆ ಉರುಳಿತು. ಅತ್ತೆ ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂತೆಂದು ಇವಳು ಹೊದಿಕೆ ತಂದು ಹೊದಿಸಿದಳು.

ಇದನ್ನೆಲ್ಲ ಮಗು ಆಮೇಲೆ ನನಗೆ ಮಾಡಿ ತೋರಿಸಿತು. ನಾನು ಮನೆಗೆ ಬಂದದ್ದು ಸಂಜೆ. ತುಟಿಯ ಮೇಲೆ ಬೆರಳಿಟ್ಟುಕೊಂಡು ಬಾಗಿಲು ತೆಗೆದಳು, ಅಜ್ಜಿಗೆ ಎಚ್ಚರವಾದೀತು ಅಂತ. ಅತ್ತೆಗೆ ಎಚ್ಚರವಿತ್ತು ರೀ. ಫ್ರಿಜ್ಜಿಗೆ ಒರಗಿ, ಒಂದು ಕಡೆ ಸೊಟ್ಟಗಾದ ಬಾಯಿಯಲ್ಲಿ ನನ್ನನ್ನೇ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, ಯಾವಾಗ ಶುರುವಾಯಿತು ಎಂದು. ನಾನು ಮಗುವಿನ ಮುಖ ನೋಡಿದೆ. ಊಟ ಆದಮೇಲೆ ಎಂದಿತು. ಅವರು ಗಡಿಯಾರ ನೋಡಿದರು. ಹೆಪ್ಪು ಕರಗಿಸುವ ಔಷಧಿಯ ಹೊತ್ತು ಮೀರಿಹೋಗಿತ್ತು. ಲಕ್ವ ಇನ್ನೊಂದು ಸಲ ಹೊಡೆದರೆ ಏನೂ ಹೇಳಲಾಗದು, ಹೊಡೆಯುವ ಭಯವೂ ಇದೆ ಎಂದಿದ್ದಾರೆ.

ಈಗ ಮನೆಯಲ್ಲಿದ್ದಾರೆ. ಮಾತು ತೊದಲು, ಆದರೂ ನನಗೆ ತಿಳಿಯುತ್ತದೆ. ಅಂಗಡಿಗೆ, ಬಸ್ಸಿಗೆ ಎಂದು ಇಲ್ಲಿಯ ಭಾಷೆಯಲ್ಲಿ ಅವರು ಕಷ್ಟಪಟ್ಟು ಕಲಿತಿದ್ದೆಲ್ಲ ಅಳಿಸಿಹೋಗಿದೆ. ನರ್ಸ್ ಬಂದು ಮಾತಾಡಿಸಿದರೆ ನನ್ನ ತೋಳು ಹಿಡಿದುಕೊಳ್ಳುತ್ತಾರೆ. ಮೊಮ್ಮಗಳು ಬಾಯಿ ತೆರೆದರೂ ಅಷ್ಟೇ. "ಅಜ್ಜಿ ನನ್ನನ್ನ ಕಂಡ್ರೆ ಯಾಕೆ ಹೆದರ್ತಾರೆ?" ಎಂದು ಅವಳು ಅವಳ ಭಾಷೆಯಲ್ಲೇ ಕೇಳಿದಳು. ನಿಮ್ಮ ಕಾನೂನನ್ನು ರದ್ದು ಮಾಡಿದ್ದೇನೆ. ಕೈ, ಕಾಲು, ನೋವು, ನೀರು ಎಂದು ದಿನಾ ಹೇಳಿಕೊಡುತ್ತಿದ್ದೇನೆ. ಕೋಪವಿದ್ದರೆ ಬಂದಮೇಲೆ ಜಗಳವಾಡಿ.

ಹೊತ್ತಿಗೆ ಸರಿಯಾಗಿ ಉಣ್ಣಿ. ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳಿ. ಪಿಟೀಲಿನ ಮುತ್ತುಗಳು ಈ ಹಾಳೆಯ ಹಿಂಬದಿಯಲ್ಲಿವೆ, ಜಾಮ್ ಅಂಟಿದೆ, ನೋಡಿಕೊಂಡು ಮಡಚಿ.

ನಿಮ್ಮ
ಇವಳು

ಇದನ್ನು ಬರೆಯುವುದೋ ಬೇಡವೋ ಎಂದು ಲಕೋಟೆ ಹಿಡಿದು ಕೂತಿದ್ದೆ. ಗುರುವಾರ ಫೋನಿನಲ್ಲಿ ಮಗುವಿನ ಜೊತೆ ಮಾತಾಡಿದ ಭರದಲ್ಲೇ ನೀವು ಅಮ್ಮನ ಹತ್ತಿರವೂ ಇಲ್ಲಿಯ ಭಾಷೆಯಲ್ಲೇ ಮಾತಾಡಿಬಿಟ್ಟಿರಿ. ನಿಮಗೆ ಗೊತ್ತೇ ಆಗಲಿಲ್ಲವೆಂದು ಕಾಣುತ್ತದೆ. ಅತ್ತೆ ಕೊನೆಯವರೆಗೂ ತಲೆಯಾಡಿಸುತ್ತ ಕೇಳಿದರು. ಫೋನು ನನ್ನ ಕೈಗಿಟ್ಟು, "ಪಾಪ, ಯಾರೋ ಒಳ್ಳೇವ್ರು, ಎಷ್ಟು ಸಮಾಧಾನವಾಗಿ ಮಾತಾಡಿದ್ರು. ನನ್ ಮಗನಿಗೊಂದು ಸುದ್ದಿ ಮುಟ್ಸಿ ಅಂತ ಅವರಿಗೇ ಹೇಳ್ಬಾರ್ದೇನೇ?" ಎಂದರು. ಹೇಳ್ತೀನಿ ಅತ್ತೆ ಅಂದೆ. ಹೇಳಿದ್ದೇನೆ. ಹೊರಟು ಬನ್ನಿ.