ಅರ್ಧ ಸೈಜು

ನಮ್ಮ ಅಂಗಡಿ, ದೊಡ್ಡ ಬೀದಿ
ಮಾರ್ಚ್ ೪, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಚೂಟಿ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಕಾಲು ಹೇಗಿದೆ? ನಿನ್ನ ಪಾರ್ಸೆಲ್ ಗೋದಾಮಿನಲ್ಲಿ ದಿನವಿಡೀ ನಿಂತೇ ಇರಬೇಕು ಎಂದು ನಿನ್ನ ಸೋದರತ್ತೆ ಹೇಳಿದಾಗಿನಿಂದ ನನಗೆ ಅದೇ ಯೋಚನೆ. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಚುರುಕು. ನಾಲ್ಕು ತಿಂಗಳಿಂದ ನಿನ್ನ ಪಾಲಿನ ಬೈಗುಳವೂ ನನಗೇ ಬರುತ್ತಿದೆ.

ಬೀದಿಯ ಸುದ್ದಿ ಕೇಳು. ಗಡಿಯಾರದವನು ಬಾಗಿಲು ಹಾಕಿದ. ಟೋಪಿ ಅಂಗಡಿಯ ಗಾಜಿಗೆ ಒಳಗಿನಿಂದ ಹಳೇ ಪೇಪರ್ ಅಂಟಿಸಿದ್ದಾರೆ. ಬಟ್ಟೆ ಅಂಗಡಿಯ ಅಕ್ಕ ಇನ್ನೂ ದಿನಾ ಬೆಳಿಗ್ಗೆ ಗಾಜಿನ ಹಿಂದಿನ ಗೊಂಬೆಗೆ ಹೊಸ ಬಟ್ಟೆ ತೊಡಿಸುತ್ತಾಳೆ, ನೋಡುವವನು ನಾನೊಬ್ಬನೇ. ನಮ್ಮಲ್ಲಿಗೆ ಜನ ಬರುತ್ತಾರೆ, ಇಲ್ಲ ಎನ್ನುವ ಹಾಗಿಲ್ಲ. ಬೆಂಚಿನ ಮೇಲೆ ಕೂರುತ್ತಾರೆ, ನಾನು ಬಗ್ಗಿ ಅವರ ಕಾಲನ್ನು ಅಳತೆ ಹಲಗೆಯ ಮೇಲಿಟ್ಟು ಸೈಜು ಹೇಳುತ್ತೇನೆ, ಆರು ಜೋಡಿ ಬೂಟು ಹಾಕಿ ನೋಡುತ್ತಾರೆ. ಆಮೇಲೆ ‘ಯೋಚಿಸಿ ಬರ್ತೀನಿ’ ಎಂದು ಹೊರಗೆ ಹೋಗಿ, ನಮ್ಮ ಮೆಟ್ಟಿಲ ಮೇಲೇ ನಿಂತು ಫೋನಿನಲ್ಲಿ ಅದನ್ನೇ ತರಿಸಿಕೊಳ್ಳುತ್ತಾರೆ!

ನೀನು ಹೋಗುವ ಹಿಂದಿನ ವಾರ ಇದನ್ನೇ ಹೇಳಿದ್ದೆ. ‘ಅಪ್ಪಾ, ಬೂಟು ಎಲ್ಲಿ ಬೇಕಾದ್ರೂ ಸಿಗತ್ತೆ, ಕಾಲು ನೋಡೋರು ಸಿಗಲ್ಲ. ಕಾಲು ನೋಡಿ ಕಾಸು ತಗೊಳ್ಳೋ ಅಳತೆ ಅಂಗಡಿ ಮಾಡೋಣ.’ ನಾನು ಗಿರಾಕಿಗಳ ಮುಂದೆಯೇ ‘ಇದು ಅಂಗಡಿ ಕಣೇ, ಆಸ್ಪತ್ರೆಯಲ್ಲ’ ಎಂದು ಕಿರುಚಿದೆ. ನೀನು ಹಲಗೆ ಒರೆಸಿ, ಮೊಳೆಗೆ ನೇತುಹಾಕಿ ಒಳಗೆ ಹೋದೆ.

ಒಂದು ವಿಷಯ ಒಪ್ಪಿಕೊಳ್ಳಬೇಕು, ಅಮ್ಮನಿಗೆ ಹೇಳಬೇಡ. ನನಗೊಂದು ಕೆಟ್ಟ ಚಾಳಿ ಅಂಟಿತ್ತು. ಫೋನು ಕೈಯಲ್ಲಿ ಹಿಡಿದುಕೊಂಡೇ ಬಂದವರಿಗೆ ಅರ್ಧ ಸೈಜು ಕಡಿಮೆ ಹೇಳುತ್ತಿದ್ದೆ. ತರಿಸಿಕೊಳ್ಳಲಿ, ಅನುಭವಿಸಲಿ ಎಂಬ ಹೊಟ್ಟೆಕಿಚ್ಚು. ಮೊನ್ನೆ ಅವರಲ್ಲೊಬ್ಬಳು, ಒಬ್ಬ ನರ್ಸಮ್ಮ, ಕುಂಟುತ್ತಾ ಬಂದಳು. ಜಗಳಕ್ಕೇ ಬಂದಳೆಂದು ನಾನು ಡಬ್ಬಗಳ ಹಿಂದೆ ಸರಿದೆ. ಅವಳು ಕೂತು, ‘ನೀವು ಸರಿಯಾಗೇ ಹೇಳಿರ್ತೀರಿ, ಕಂಪನಿಯವರೇ ತಪ್ಪು ಕಳಿಸಿದ್ದಾರೆ. ಇನ್ನೊಂದ್ಸಲ ನೋಡ್ತೀರಾ?’ ಎಂದಳು. ಹಿಮ್ಮಡಿ ಕೆಂಪಗೆ ಸುಲಿದಿತ್ತು. ನಾಚಿಕೆಯಿಂದ ಕುಗ್ಗಿಹೋದೆ ಮಗಳೇ. ಸುಳ್ಳು ಹೇಳಿದ್ದು ನಾನೇ ಎಂದುಬಿಟ್ಟೆ. ಅವಳು ಕಾಲನ್ನು ಮತ್ತೆ ಹಲಗೆಯ ಮೇಲಿಟ್ಟು, ‘ಸರಿ, ಈಗ ನಿಜ ಹೇಳಿ’ ಎಂದಳು.

ಅವತ್ತೇ ತೀರ್ಮಾನಿಸಿದೆ. ಹಿಂದಿನ ಕೋಣೆಯನ್ನು ಪಾರ್ಸೆಲ್ ಕಂಪನಿಗೆ ಬಾಡಿಗೆಗೆ ಕೊಡುತ್ತಿದ್ದೇನೆ. ಫೋನಿನಲ್ಲಿ ತರಿಸಿದವರು ಇಲ್ಲಿಗೇ ಬಂದು ಒಯ್ಯಲಿ. ಮುಂದಿನ ಕೋಣೆ ನಮ್ಮದೇ. ಬೆಂಚು, ಕನ್ನಡಿ, ಹಲಗೆ, ಬಿಗಿ ಬೂಟು ಹಿಗ್ಗಿಸುವ ಮರದ ಅಚ್ಚುಗಳು. ನೀನು ಹೇಳಿದ ಅಳತೆ ಅಂಗಡಿಯೇ. ಸೋಮವಾರ ಸಹಿ ಹಾಕಬೇಕು. ನನ್ನ ಸೊಂಟ ದಿನಕ್ಕೆ ಹತ್ತು ಸಲ ಬಗ್ಗಿದರೆ ಹನ್ನೊಂದನೆಯದಕ್ಕೆ ಏಳುವುದಿಲ್ಲ, ಅದು ಬೇರೆ ಮಾತು. ನೀನಿಲ್ಲದೆಯೂ ಹೇಗೋ ನಡೆದೀತು, ಆದರೆ ನನಗೆ ನೀನು ಬೇಕು. ಬಾಗಿಲ ಗಂಟೆ ಸದ್ದಾದಾಗ ಮುಖ ನೋಡುವ ಮೊದಲು ಕಾಲು ನೋಡುತ್ತೇನೆ. ನಿನ್ನ ನಡಿಗೆ ಇನ್ನೂ ಬಂದಿಲ್ಲ.

ಅಮ್ಮ ಬೆಚ್ಚಗಿರು ಎಂದಿದ್ದಾಳೆ. ಎಲ್ಲಿದ್ದರೂ ಚೆನ್ನಾಗಿರು, ನನ್ನ ಆಯಸ್ಸೂ ನಿನಗಿರಲಿ.

ಇಂತಿ ನಿನ್ನ ಮೊಂಡ
ಅಪ್ಪ

ತಾ.ಕ.: ಅಂಚೆಯ ಹೊತ್ತಾಯಿತು, ಬೇಗ ಹೇಳುತ್ತೇನೆ. ಆ ಚಾಳಿ ಶುರುವಾದದ್ದು ನಿನ್ನಿಂದ. ನೀನು ಹೊರಟ ಬೆಳಿಗ್ಗೆ ನಾನು ಕೊಟ್ಟ ಕಂದು ಬೂಟು ಅರ್ಧ ಸೈಜು ಚಿಕ್ಕದು. ‘ಹೊಸದಲ್ವಾ, ಸಡಿಲ ಆಗತ್ತೆ’ ಎಂದೆನಲ್ಲ, ಅದು ಸುಳ್ಳು. ಬೂಟು ಕಚ್ಚಿದರೆ ಯಾರೇ ಆಗಲಿ ಬದಲಾಯಿಸಿಕೊಳ್ಳಲು ಅಂಗಡಿಗೆ ವಾಪಸ್ ಬರುತ್ತಾರೆ. ನೀನೂ ವಾರದೊಳಗೆ ಬರುತ್ತೀಯ ಎಂದುಕೊಂಡಿದ್ದೆ. ಸರಿಯಾದ ಜೋಡಿ ಅವತ್ತಿನಿಂದ ಬೆಂಚಿನ ಕೆಳಗೇ ಇದೆ. ಬಾ ಮಗಳೇ, ಬದಲಾಯಿಸಿಕೊಡುತ್ತೇನೆ.