ಬಿಟ್ಟು ಹೋದ ಹಾರೆ

ಉರಿಗಾಂ

ಅಂಬರೀಶಣ್ಣನಿಗೆ,

ನಾನು ಕ್ಷೇಮ. ಎಡಗೈ ಮೂಳೆ ಮುರಿದಿದೆ, ಕಟ್ಟು ಹಾಕಿದ್ದಾರೆ. ಆಸ್ಪತ್ರೆಯಲ್ಲಿ ಏಣಿಯಿಂದ ಬಿದ್ದೆ ಎಂದೆ. ರಿಪೇರಿ ನಡೆಯುತ್ತಿರುವ ಮನೆಯಲ್ಲವೇ, ನಂಬಿದರು. ಇನ್ನೊಮ್ಮೆ ಹಾಗೆ ಹೇಳುವುದಿಲ್ಲ.

ಹನ್ನೆರಡು ವರ್ಷ ಫ್ಯಾಕ್ಟರಿಯಲ್ಲಿ ದುಡಿದು ಕೊಂಡ ಮನೆ ಇದು. ಹಾಲು ಉಕ್ಕಿಸುವ ದಿನವೇ ನೀನು ಬೂದಿಕೋಟೆಯಿಂದ ಬಂದು ಬಾಗಿಲು ಒಡೆದೆ. “ಎಂಗ್ಸಿನ ಎಸ್ರಲ್ಲಿ ಮನೆಯಾ? ನನ್ನ ಎಸ್ರಿಗೆ ಬರ್ಕೊಡೇ” ಎಂದು ಹಾರೆ ಎತ್ತಿದೆ. ತಲೆಗೆ ಬೀಳಬೇಕಾದ ಏಟಿಗೆ ಕೈ ಅಡ್ಡ ಬಂತು. ಇನ್ನೊಂದು ಕೈಗೆ ಒಲೆಯ ಮೇಲಿದ್ದ ಪಾತ್ರೆ ಸಿಕ್ಕಿತು. ಕುದಿಯುವ ಹಾಲನ್ನು ನಿನ್ನ ಮುಖಕ್ಕೆ ಎರಚಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಕಣ್ಣು ಉಳಿಯಿತೆಂದು ಅಮ್ಮ ಹೇಳಿದಳು. ಬೊಬ್ಬೆಗಳನ್ನು ಕೆರೆದುಕೊಳ್ಳಬೇಡ, ಮುಲಾಮು ತಪ್ಪಿಸಬೇಡ.

ನೀನು ಬಿಟ್ಟು ಓಡಿದ ಹಾರೆಯಿಂದಲೇ ಮೇಸ್ತ್ರಿ ಗೋಪಾಲ್ ಹಿಂದಿನ ಸಡಿಲ ಗೋಡೆಯನ್ನು ಕೆಡವಿದರು. ಹೊಸ ಬಾಗಿಲೂ ಕೂತಿದೆ. ನೀನು ಹಾರೆ ವಾಪಸ್ ಕೇಳುತ್ತಿದ್ದೀಯಂತೆ. ಕೊಡುವುದಿಲ್ಲ. ಈ ಗೃಹಪ್ರವೇಶಕ್ಕೆ ತವರಿನಿಂದ ಬಂದದ್ದು ಅದೊಂದೇ.

ಬಾಗಿಲ ಹಿಂದೆ, ಬಲಗೈಗೆ ಸಿಗುವ ಹಾಗೆ ಇಟ್ಟಿದ್ದೇನೆ. ಬರುವುದಾದರೆ ಬಾಗಿಲು ತಟ್ಟಿ ಬಾ.

ಸ್ವಂತ ಮನೆಯಿಂದ,
ನಿನ್ನ ತಂಗಿ ಇಂದ್ರಾಣಿ