ಕಾಪುವಿನ ಬಂಡೆಯಿಂದ ಕಂಡವನು

ಕಾಪು,
೧೪-೧೨-೨೦೦೩

ಪ್ರಿಯ ಗ್ಲ್ಯಾಡಿಸ್,

ಕಾರ್ಕಳದಿಂದ ನೀನು ಬರೆದ ಎರಡೂ ಪತ್ರಗಳು ತಲುಪಿವೆ. ಉತ್ತರ ತಡವಾದುದಕ್ಕೆ ನೆಪ ಹೇಳುವುದಿಲ್ಲ. ಶಾಲೆಯಲ್ಲಿ ಮಕ್ಕಳ ನೆಪಗಳನ್ನು ಕೇಳಿ ದಣಿದವರು ನಾವಿಬ್ಬರೂ. ಮೊಣಕಾಲಿನ ನೋವು ಹೇಗಿದೆ? ಮಣಿಪಾಲದ ವೈದ್ಯರು ನಡೆಯಬೇಕೆಂದರೆ ನಡೆ. ಹಠ ಬೇಡ.

ಹಠದ ಮಾತನ್ನು ನಾನು ಆಡಬಾರದು ಎನ್ನುವೆ ನೀನು. ನನ್ನ ತಮ್ಮ ಹೂವಪ್ಪನ ದೋಣಿ ಹಿಂದಿರುಗದೆ ಮೂರು ವರ್ಷವಾದರೂ ಅವನ ಬೊಜ್ಜಕ್ಕೆ ಒಪ್ಪದೆ ನಿಂತವಳು ನಾನೇ. ದೋಣಿಯ ಒಂದು ಹಲಗೆಯೂ ದಡಕ್ಕೆ ಬಾರದಿರುವಾಗ ಉತ್ತರಕ್ರಿಯೆ ಯಾರಿಗೆ? ಆದರೆ ಅವನ ಹೆಂಡತಿ ಹರ್ಷಿಣಿ, ಹಬ್ಬದ ದಿನ ಹೂ ಮುಡಿಯಬೇಕೋ ಬಿಡಬೇಕೋ ತಿಳಿಯದೆ ಒಳಕೋಣೆಯಲ್ಲೇ ಉಳಿಯುತ್ತಿದ್ದಳು.

ನಾನು ನಿವೃತ್ತಳಾದಾಗ ಹೂವಪ್ಪ ತಂದುಕೊಟ್ಟ ಹಳೆಯ ಕ್ಯಾಮೆರಾ ನಿನಗೆ ನೆನಪಿರಬಹುದು. ಅವನು ಹೋದ ದಿಕ್ಕನ್ನು ಹತ್ತಿರಕ್ಕೆ ಎಳೆದು ನೋಡಬೇಕೆನಿಸಿತು. ಉಡುಪಿಯಲ್ಲಿ ಸ್ಟುಡಿಯೋ ಇಟ್ಟಿರುವ ನಮ್ಮ ಹಳೆಯ ವಿದ್ಯಾರ್ಥಿ ಅಲೋಶಿಯಸನ ಬಳಿ ಅಗ್ಗದ ಟೆಲಿಫೋಟೋ ಲೆನ್ಸೊಂದಿತ್ತು.

"ಇದು ಬೇರೆ ಕಂಪೆನಿಯದ್ದು ಟೀಚರೇ. ನಿಮ್ಮ ಕ್ಯಾಮೆರಾಕ್ಕೆ ಕೂರುವುದಿಲ್ಲ."

"ಕೂರಿಸುವುದು ನಿನ್ನ ಕೆಲಸ."

"ಆ ಕೋಲು ಈಗಲೂ ಉಂಟಾ ಟೀಚರೇ?" ಎಂದು ನಕ್ಕು, ಲೇತಿನಲ್ಲಿ ಅಲ್ಯೂಮಿನಿಯಂ ಬಳೆಯೊಂದನ್ನು ಕಡೆಸಿ ಎರಡರ ನಡುವೆ ಕೂರಿಸಿದ. ಅವನು ಅದನ್ನು ರಿಂಗ್ ಎನ್ನುತ್ತಾನೆ.

ದೀಪಸ್ತಂಭದ ಬಂಡೆಯಿಂದ ತೆಗೆದ ಮೊದಲ ರೋಲಿನಲ್ಲೇ ಹೂವಪ್ಪ ಬಂದ. ಮಂಜಿನಂಥ ನೀರಿನ ಮೇಲೆ, ದೋಣಿಯ ತುದಿಯಲ್ಲಿ, ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು. ಮುಂದಿನ ತಿಂಗಳೂ ಅಲ್ಲೇ, ಹಾಗೆಯೇ, ದಡಕ್ಕೆ ಮುಖಮಾಡಿ. ಕ್ಯಾಮೆರಾದಿಂದ ಕಣ್ಣು ತೆಗೆದರೆ ಬರಿಯ ನೀರು. ಗ್ಲ್ಯಾಡಿಸ್, ನಾನು ಹೆದರಲಿಲ್ಲ. ಊಟಕ್ಕೆ ತಡಮಾಡಿದನೆಂದು ಗದರಿದೆ.

"ರಿಂಗ್ ಸ್ವಲ್ಪ ದಪ್ಪ ಆಗಿದೆ ಟೀಚರೇ," ಎಂದ ಅಲೋಶಿಯಸ್. "ಹತ್ತಿರದ್ದು ಸರಿ ಬರುತ್ತದೆ, ದೂರದ್ದೆಲ್ಲ ಮಸುಕು. ಕೊಡಿ, ತೆಳು ಮಾಡಿ ಕೊಡ್ತೇನೆ." ಇಂದು, ನಾಳೆ ಎಂದು ನಾನು ಮುಂದೂಡಿದೆ.

ಕೊನೆಗೆ ಹರ್ಷಿಣಿ ಆ ಚಿತ್ರಗಳನ್ನು ಬಹಳ ಹೊತ್ತು ನೋಡಿದಳು. "ಅಕ್ಕಾ, ಇದು ಅವರೇ ಆದರೆ ಮನೆಗೆ ಯಾಕೆ ಬರುವುದಿಲ್ಲ? ಅದೊಂದು ಕೇಳಿ ಹೇಳಿ." ಅವಳು ಅಳಲಿಲ್ಲ. ಮರುದಿನವೇ ಬಳೆಯನ್ನು ತೆಳುಮಾಡಿಸಿ ಬಂಡೆ ಹತ್ತಿದೆ.

ಈ ಸಲ ಒಂದೊಂದು ಅಲೆಯೂ ಬೇರೆಬೇರೆಯಾಗಿ, ಸ್ಪಷ್ಟವಾಗಿ ಕಂಡಿತು. ಅಲ್ಲಿದ್ದುದು ಲಂಗರು ಹಾಕಿ ತೇಲಿಬಿಟ್ಟ ಡ್ರಮ್ಮು. ಅದಕ್ಕೆ ಕಟ್ಟಿದ ಬಿದಿರು. ಬಿದಿರಿಗೆ ಸುತ್ತಿಕೊಂಡ ಕಪ್ಪು ಬಟ್ಟೆ. ನೀರಿನಡಿಯ ಕಲ್ಲಿಗೆ ಬಲೆ ಸಿಕ್ಕದಿರಲೆಂದು ನಮ್ಮವರು ಇಡುವ ಗುರುತು. ಮೀನುಗಾರರ ಮನೆಯಲ್ಲಿ ಹುಟ್ಟಿದ ನಾನು ಅದನ್ನು ತಮ್ಮನೆಂದು ತಿಳಿದಿದ್ದೆ.

ಚಿತ್ರವನ್ನು ಹರ್ಷಿಣಿಯ ಕೈಗಿತ್ತು, ಬೊಜ್ಜಕ್ಕೆ ದಿನ ನೋಡಲು ಹೇಳಿದೆ. ಜನವರಿ ನಾಲ್ಕು, ಭಾನುವಾರ. ನೀನು ಹಿಂದಿನ ದಿನವೇ ಬಾ. ನಿನ್ನ ದೇವರೂ ನನ್ನ ದೇವರೂ ಸೇರಿ ನಿನ್ನ ಕಾಲುಗಳಿಗೆ ಬಲ ಕೊಡಲಿ.

ನಿನ್ನ,
ಪುಷ್ಪಾವತಿ

ತಾ.ಕ.: ಬರುವಾಗ ಉಡುಪಿಯಲ್ಲಿಳಿದು ಅಲೋಶಿಯಸನಿಂದ ಸಣ್ಣ ಪೊಟ್ಟಣವೊಂದನ್ನು ತಾ. ಹರ್ಷಿಣಿಯ ಎದುರು ಬಿಚ್ಚಬೇಡ. ಮೊದಲಿನಷ್ಟೇ ದಪ್ಪದ ಇನ್ನೊಂದು ಬಳೆಯನ್ನು ಮಾಡಿಸಿದ್ದೇನೆ. ಅವಳಿಗೆ ಬೊಜ್ಜ ಮುಗಿಯಲಿ. ಗದರಲು ನನಗೆ ಇನ್ನೊಬ್ಬ ತಮ್ಮನಿಲ್ಲ.